ಹತ್ತೂವರೆಗೇ ತುಂಬುತ್ತಿದ್ದ ಬ್ಯಾಟರಿ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಮನೆಗೆ 2019ರಲ್ಲಿ ಸೋಲಾರ್ ಹಾಕಿಸಿದೆವು. ಹಂಚಿನ ಮಾಡಿನ ಮೇಲೆ ಭಾರ ಬೀಳಬಾರದೆಂದು ಅಂಗಳದ ಪಕ್ಕದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ 330 ವ್ಯಾಟಿನ ನಾಲ್ಕು ಪ್ಯಾನೆಲ್ ಕೂರಿಸಿದೆವು. ಒಳಗೆ ಸರಣಿಯಲ್ಲಿ ಸೇರಿಸಿದ, 12 ವೋಲ್ಟ್ 150 ಆಂಪಿಯರ್-ಅವರಿನ ಎರಡು ಟ್ಯೂಬುಲರ್ (ಸೀಸ-ಆಸಿಡ್) ಬ್ಯಾಟರಿ ಮತ್ತು 24 ವೋಲ್ಟಿನ ಸೋಲಾರ್ ಇನ್ವರ್ಟರ್ ಇವೆ. ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಅತ್ತೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿರುವುದರಿಂದ ಕತ್ತಲಲ್ಲಿ ಕೂರುವುದಕ್ಕಿಂತ ಫ್ರಿಜ್ ನಿಲ್ಲುವುದೇ ನಮಗೆ ಹೆಚ್ಚಿನ ಚಿಂತೆಯಾಗಿತ್ತು.

2024ರ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲಿನ ಗುಡುಗು ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗತೊಡಗಿದಾಗ ತೊಂದರೆ ಶುರುವಾಯಿತು. ಹಗಲಿನಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲು. ಬೆಳಿಗ್ಗೆ ಹತ್ತೂವರೆಗೇ ಇನ್ವರ್ಟರಿನ ಪರದೆ ಬ್ಯಾಟರಿ ಪೂರ್ತಿ ತುಂಬಿದೆ ಎಂದು ತೋರಿಸುತ್ತಿತ್ತು. ಆದರೆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಫ್ರಿಜ್ಜಿನ ಕಂಪ್ರೆಸರ್ ಗುಂಯ್ ಎಂದು ಹೊರಟ ಮರುಕ್ಷಣವೇ ಇನ್ವರ್ಟರ್ ಕೂಗಿಕೊಂಡು ಆಫ್ ಆಗುತ್ತಿತ್ತು. ಲೆಕ್ಕದ ಪ್ರಕಾರ ಹೀಗಾಗಬಾರದು. 24 ವೋಲ್ಟಿಗೆ 150 ಆಂಪಿಯರ್-ಅವರ್ ಎಂದರೆ 3600 ವ್ಯಾಟ್-ಅವರ್. ರಾತ್ರಿಯ ಹತ್ತು ಗಂಟೆಗೆ ಸರಾಸರಿ 150 ವ್ಯಾಟ್ ಹಿಡಿದರೂ 1500. ಇನ್ವರ್ಟರ್ ತಾನೇ ತಿನ್ನುವುದನ್ನು ಸೇರಿಸಿದರೂ ಅರ್ಧ ಬ್ಯಾಟರಿಯಲ್ಲಿ ಬೆಳಗಾಗಬೇಕು.

ಬಂದು ನೋಡಿದ ರಿಪೇರಿಯ ಹುಡುಗ ನಟ್ಟುಗಳನ್ನೆಲ್ಲ ಬಿಗಿ ಮಾಡಿ, "ಐದು ವರ್ಷ ಆಯ್ತಲ್ಲ ಅಕ್ಕಾ, ಬ್ಯಾಟರಿ ಹೋಗಿದೆ, ಎರಡೂ ಹೊಸದು ಹಾಕಿಸಿಬಿಡಿ" ಎಂದ. ಐದು ವರ್ಷದ ಬ್ಯಾಟರಿಯ ವಿಷಯದಲ್ಲಿ ಅದು ತಪ್ಪು ಮಾತೂ ಅಲ್ಲ. ಆದರೂ ತುಂಬುವುದೂ ಬೇಗ, ಖಾಲಿಯಾಗುವುದೂ ಬೇಗ ಎಂದಾಗ ಅದಕ್ಕೆ ಎರಡು ಕಾರಣಗಳಿರಬಹುದು ಎಂದು ನನಗೆ ಅನ್ನಿಸಿತು: ಒಂದೋ ಬ್ಯಾಟರಿಯ ಸಾಮರ್ಥ್ಯವೇ ಕುಗ್ಗಿದೆ, ಇಲ್ಲವೇ ಇನ್ವರ್ಟರಿಗೆ ಬ್ಯಾಟರಿಯ ನಿಜವಾದ ವೋಲ್ಟೇಜ್ ಕಾಣಿಸುತ್ತಿಲ್ಲ. ಹಣ ಕೊಡುವ ಮೊದಲು ಎರಡನೆಯದನ್ನು ನೋಡಿಬಿಡೋಣ ಎಂದುಕೊಂಡೆ.

ಪ್ಯಾನೆಲ್‌ಗಳ ಪರೀಕ್ಷೆ ಬೇಗ ಮುಗಿಯಿತು. ಎರಡೆರಡನ್ನು ಸರಣಿಯಲ್ಲಿ ಜೋಡಿಸಿದ್ದ ಎರಡೂ ಸಾಲುಗಳಲ್ಲಿ ಲೋಡ್ ಇಲ್ಲದಾಗ 85 ವೋಲ್ಟಿನ ಆಸುಪಾಸು ಇತ್ತು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ ಎರಡೂ ಸಾಲುಗಳ ಕರೆಂಟು ಹೆಚ್ಚುಕಡಿಮೆ ಒಂದೇ ಬಂತು. ಅಡಿಕೆ ಸೋಗೆಯ ನೆರಳು ಒಂದು ಮೂಲೆಗೆ ಬಿದ್ದರೂ ನೆರಳಿನ ಭಾಗವನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡುವ ಬೈಪಾಸ್ ಡಯೋಡ್ ಕೆಲಸ ಮಾಡಿ ಆ ಪ್ಯಾನೆಲ್ಲಿನ ಮೂರನೆಯ ಒಂದು ಭಾಗವೇ ಸುಮ್ಮನಾಗುವುದುಂಟು. ಆದ್ದರಿಂದ ನೆರಳು ಎಲ್ಲೂ ಬೀಳದ ಹೊತ್ತಿನಲ್ಲಿ ಅಳೆದೆ. ಒಂದು ಎಚ್ಚರಿಕೆ ಹೇಳಲೇಬೇಕು: ಬಿಸಿಲಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ಲಿನ ಕನೆಕ್ಟರನ್ನು ಎಂದೂ ಎಳೆಯಬಾರದು. ಡಿಸಿ ಕಿಡಿ ಎಸಿ ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ. ಮೊದಲು ಐಸೊಲೇಟರ್ ಸ್ವಿಚ್ಚನ್ನು ಆಫ್ ಮಾಡಬೇಕು.

ನಿಜವಾದ ಸಂಗತಿ ಬ್ಯಾಟರಿಯ ಬಳಿ ಇತ್ತು. ಬೆಳಿಗ್ಗೆ ಹತ್ತಕ್ಕೆ, 18 ಆಂಪಿಯರ್ ಚಾರ್ಜ್ ಆಗುತ್ತಿರುವಾಗ, ಇನ್ವರ್ಟರಿನ ಟರ್ಮಿನಲ್‌ಗಳ ನಡುವೆ ಅಳೆದರೆ 28.8 ವೋಲ್ಟ್ ಇತ್ತು. ಅಂದರೆ ಬ್ಯಾಟರಿಗೆ 14.4ರಂತೆ, ಚಾರ್ಜರ್ ಕರೆಂಟು ಇಳಿಸತೊಡಗುವ ಮಟ್ಟ. ಅದೇ ನಿಮಿಷದಲ್ಲಿ ಮೀಟರಿನ ಮೊನೆಗಳನ್ನು ಬ್ಯಾಟರಿಗಳ ಸೀಸದ ಕಂಬಗಳ ಮೇಲೆ ಊರಿದಾಗ ಎರಡರಲ್ಲೂ ಬಂದದ್ದು 13.5, ಒಟ್ಟು 27. ಉಳಿದ 1.8 ವೋಲ್ಟ್ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತಿತ್ತು. ಮನೆಯ ಲೋಡ್ ಹಾಕಿ ನೋಡಿದಾಗ ಇದೇ ವ್ಯತ್ಯಾಸ ತಿರುಗಾಮುರುಗಾ ಆಯಿತು: ಕಂಬಗಳಲ್ಲಿ ವೋಲ್ಟೇಜ್ ಹೆಚ್ಚು, ಇನ್ವರ್ಟರಿನಲ್ಲಿ ಕಡಿಮೆ. 18 ಆಂಪಿಯರಿಗೆ 1.8 ವೋಲ್ಟ್ ಬೀಳುವುದೆಂದರೆ ಆ ದಾರಿಯಲ್ಲಿ 0.1 ಓಮ್ ಪ್ರತಿರೋಧ ಕುಳಿತಿದೆ ಎಂದು ಅರ್ಥ. ಇಷ್ಟು ಚಿಕ್ಕ ಪ್ರತಿರೋಧವೇ ಹಗಲಿನಲ್ಲಿ ಇನ್ವರ್ಟರಿಗೆ ಬ್ಯಾಟರಿ ತುಂಬಿತೆಂದು ತೋರಿಸಿ ಚಾರ್ಜನ್ನು ಅರ್ಧಕ್ಕೇ ಇಳಿಸುತ್ತಿತ್ತು, ರಾತ್ರಿ ಕಂಪ್ರೆಸರ್ ಹೊರಡುವ ಆ ಒಂದು ಕ್ಷಣ ಕರೆಂಟು ಹಲವು ಪಟ್ಟು ಏರಿದಾಗ ಬ್ಯಾಟರಿ ಬರಿದಾಯಿತೆಂದು ತೋರಿಸಿ ಇನ್ವರ್ಟರನ್ನು ನಿಲ್ಲಿಸುತ್ತಿತ್ತು. ಹುಡುಗ ಲೋಡ್ ತೆಗೆದು ಅಳೆದಿದ್ದ. ಕರೆಂಟು ಹರಿಯದಿದ್ದರೆ ಪ್ರತಿರೋಧವಿದ್ದರೂ ವೋಲ್ಟೇಜ್ ಬೀಳುವುದಿಲ್ಲವಾದ್ದರಿಂದ ಅವನಿಗೆ ಇದು ಕಂಡಿರಲಿಲ್ಲ.

ಆಮೇಲೆ ಒಂದೊಂದೇ ಗೇಣು ಹುಡುಕಿದೆ. ಮೀಟರಿನ ಒಂದು ಮೊನೆ ಕಂಬದ ಮೇಲೆ, ಇನ್ನೊಂದು ಅದಕ್ಕೆ ಬಿಗಿದ ಲಗ್ಗಿನ (ಕೇಬಲ್ ತುದಿಯ ಲೋಹದ ಕಿವಿಯ) ಮೇಲೆ: ನಾಲ್ಕು ಕಡೆಯೂ ಕೆಲವೇ ಮಿಲಿವೋಲ್ಟ್, ಅಂದರೆ ಬಿಗಿತ ಸರಿಯಾಗಿಯೇ ಇದೆ. ಇನ್ವರ್ಟರಿಗೆ ಹೋಗುವ ಉದ್ದದ ಕೇಬಲ್‌ಗಳಲ್ಲೂ ಹೇಳಿಕೊಳ್ಳುವಂಥದ್ದಿಲ್ಲ. ಎರಡು ಬ್ಯಾಟರಿಗಳನ್ನು ಸೇರಿಸುವ ಒಂದಡಿ ತುಂಡು ಕೇಬಲ್ಲಿನ ಈ ತುದಿಯಿಂದ ಆ ತುದಿಗೆ ಅಳೆದಾಗ ಮೀಟರ್ 1.6 ತೋರಿಸಿತು. ಕೈಯಿಂದ ಮುಟ್ಟಿದರೆ ಲಗ್ಗಿನ ಬುಡ ಬಿಸಿ ಕಾವಲಿಯ ಹಾಗೆ ಸುಡುತ್ತಿತ್ತು.

ಬಿಚ್ಚುವ ಮುನ್ನ ಬಳೆ, ಉಂಗುರಗಳನ್ನು ತೆಗೆದಿಟ್ಟೆ; ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು, ಪಕ್ಕದ ದೇವರ ಕೋಣೆಯ ದೀಪವನ್ನೂ ಆರಿಸಿದೆ. ಮೊದಲು ಸೋಲಾರ್, ನಂತರ ಮೈನ್ಸ್, ಆಮೇಲೆ ಇನ್ವರ್ಟರ್, ಕೊನೆಗೆ ಬ್ಯಾಟರಿಯ ನೆಗೆಟಿವ್, ಇದೇ ಕ್ರಮದಲ್ಲಿ ಬಿಡಿಸಬೇಕು. ಪ್ಯಾನೆಲ್ ಜೋಡಿಸಿರುವಾಗಲೇ ಬ್ಯಾಟರಿ ಕಳಚಿದರೆ ಚಾರ್ಜ್ ಕಂಟ್ರೋಲರ್ ಸುಟ್ಟುಹೋಗುವ ಸಾಧ್ಯತೆಯಿದೆ.

ಹೊರಗಿನಿಂದ ಆ ಕೇಬಲ್ಲಿಗೆ ಏನೂ ಆಗಿರಲಿಲ್ಲ. ಕೆಂಪು ರಬ್ಬರನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಕಪ್ಪಾಗಿದ್ದವು. ಲಗ್ಗಿನ ಬುಡದಲ್ಲಿ ಬೆರಳಿನಿಂದ ತಿಕ್ಕಿದರೆ ಅರ್ಧಕ್ಕರ್ಧ ಎಳೆಗಳು ಪುಡಿಯಾಗಿ ಉದುರಿದವು. ಲಗ್ಗನ್ನು ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿರದೆ ಸುತ್ತಿಗೆಯಿಂದ ಜಜ್ಜಿ ಕೂರಿಸಿದ್ದರು. ಬ್ಯಾಟರಿಯ ಮುಚ್ಚಳದಿಂದ ಬರುವ ಆಸಿಡ್ಡಿನ ಆವಿ ಆ ಸಂದಿಯಿಂದ ಒಳಸೇರಿ, ನಮ್ಮ ಕಡೆಯ ತೇವದ ಹವೆಯೂ ಜೊತೆಗೂಡಿ, ಐದು ವರ್ಷ ಕಾಣದಂತೆ ತಿಂದಿದೆ. ತೀರ್ಥಹಳ್ಳಿ ಪೇಟೆಯಲ್ಲಿ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತೆಗೆದುಕೊಂಡು, ತವರ ಲೇಪಿಸಿದ ಲಗ್ಗನ್ನು ಯಂತ್ರದಲ್ಲಿ ಒತ್ತಿಸಿ, ಮೇಲೆ ಸ್ಲೀವ್ ಹಾಕಿಸಿಕೊಂಡು ಬಂದೆ. ಕಂಬಗಳನ್ನು ಅಡುಗೆ ಸೋಡಾದ ನೀರಿನಲ್ಲಿ ಒರೆಸಿ, ಒಣಗಿಸಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಸೋಡಾದ ಒಂದು ಹನಿಯೂ ಸೆಲ್ಲಿನೊಳಗೆ ಬೀಳಬಾರದು. ಮತ್ತೆ ಅಳೆದಾಗ 1.6 ಇದ್ದ ಜಾಗದಲ್ಲಿ 0.02 ವೋಲ್ಟ್ ಬಂತು.

ಆದರೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಒಂದೇ ದಿನಕ್ಕೆ ಚೇತರಿಸಿಕೊಳ್ಳುವುದಿಲ್ಲ. ಬ್ಯಾಟರಿ ಖಾಲಿಯಾಗುವಾಗ ಫಲಕಗಳ ಮೇಲೆ ಕೂರುವ ಸೀಸದ ಸಲ್ಫೇಟು ಪೂರ್ತಿ ಚಾರ್ಜ್ ಆದರೆ ಮಾತ್ರ ಕರಗುತ್ತದೆ. ಉಳಿದದ್ದು ದಿನ ಕಳೆದಂತೆ ಗಟ್ಟಿ ಹರಳಾಗುತ್ತದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಎರಡೂ ಬ್ಯಾಟರಿಗಳ ಹನ್ನೆರಡೂ ಸೆಲ್ಲುಗಳು 1.180ರ ಆಸುಪಾಸಿನಲ್ಲಿದ್ದವು. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಹತ್ತಿರ ಇರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಆ ಸೆಲ್ಲಿನ ಕಥೆ ಮುಗಿದಿದೆ ಎನ್ನಬಹುದು. ಎಲ್ಲವೂ ಒಂದೇ ಸಮ ಕೆಳಗಿದ್ದರೆ ಅವು ಹಸಿದಿವೆ ಅಷ್ಟೇ. ನಮ್ಮವು ಒಂದೇ ಸಮ ಇದ್ದದ್ದು ನನಗೆ ತುಂಬ ಧೈರ್ಯ ಕೊಟ್ಟಿತು. ಫಲಕ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಹಗಲು ಸೋಲಾರಿನಿಂದಲೂ ಸಂಜೆ ಕರೆಂಟ್ ಇದ್ದಷ್ಟು ಹೊತ್ತು ಮೈನ್ಸಿನಿಂದಲೂ, ಬ್ಯಾಟರಿ ಕಾಯದಂತೆ ಗಂಟೆಗೊಮ್ಮೆ ಮುಟ್ಟಿ ನೋಡುತ್ತ, ಒಂದು ವಾರ ನಿಧಾನವಾಗಿ ಚಾರ್ಜ್ ಮಾಡಿದೆ. ಪ್ರತಿದಿನ ಬೆಳಿಗ್ಗೆ ಹನ್ನೆರಡು ಅಂಕಿಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ.

ಎಂಟನೆಯ ದಿನ ಹತ್ತು ಸೆಲ್ಲುಗಳು 1.230 ದಾಟಿದವು, ಎರಡನೆಯ ಬ್ಯಾಟರಿಯ ಎರಡು ಸೆಲ್ಲುಗಳು 1.205ರಲ್ಲೇ ನಿಂತವು. ಅವು ಇನ್ನು ಏರಲಾರವೇನೋ. ಈಗ ಪರದೆಯಲ್ಲಿ ಬ್ಯಾಟರಿ ತುಂಬಿತೆಂದು ಕಾಣುವುದು ಮಧ್ಯಾಹ್ನ ಎರಡರ ಮೇಲೆ. ಜೂನ್ ಮೊದಲ ವಾರ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಿದ್ದಾಗ ಬೆಳಗಿನ ಜಾವ ಐದಕ್ಕೆ ಎದ್ದು ಹೋಗಿ ಕಂಬಗಳ ಮೇಲೆ ಮೀಟರ್ ಊರಿದೆ: 24.3 ಇತ್ತು. ಒಳಗೆ ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು.