ಹಳಿ ಮೇಲೆ ವಾಕಿಂಗ್

ಕಾಕಾನ ಮಗಳು ನ್ಯೂಯಾರ್ಕಿನ ಹೈ ಲೈನಿನಿಂದ ವಿಡಿಯೋ ಕಳಿಸಿದ್ದಾಳೆ. ಊರ ನಡುವೆ ಎತ್ತರದಲ್ಲಿರೋ ಹಳೇ ರೈಲುದಾರಿ ಅದು. 1980ಕ್ಕೆ ಗೂಡ್ಸ್ ಓಡಾಟ ನಿಂತಿತು, 2009ರಿಂದ ಜನ ಅಡ್ಡಾಡುತ್ತಾರೆ. ಹಳಿ ಪೂರ್ತಿ ಕಿತ್ತಿಲ್ಲ, ನಡುನಡುವೆ ಹುಲ್ಲು, ಹೂವು. ಒಂದು ಕಡೆ ಮರದ ಒರಗು ಕುರ್ಚಿಗೆ ಗಾಲಿ ಹಾಕಿ ಹಳಿ ಮೇಲೆ ಕೂರಿಸಿದ್ದಾರೆ! ಉದ್ದ ಸುಮಾರು 2.3 ಕಿಲೋಮೀಟರ್. ಅಷ್ಟೇನಾ? ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ ಒಂದು ಪ್ಲಾಟ್‌ಫಾರ್ಮೇ 1,507 ಮೀಟರ್ ಇದೆಯಲ್ಲ. ಬ್ಯಾಗು ಹೊತ್ತು ಓಡಿದವರಿಗೇ ಗೊತ್ತು.

ರೈಲು ಕಡಿದಾದ ಏರು ಹತ್ತೋದಿಲ್ಲ, ಹಾಗಾಗಿ ಇಂಥ ದಾರಿ ಹೆಚ್ಚುಕಮ್ಮಿ ಸಮ ಇರುತ್ತದೆ. ಮೊಣಕಾಲು ನೋವಿನ ನಮ್ಮವ್ವನಿಗೆ ಧಾರವಾಡದ ಏರಿಗಿಂತ ಇದೇ ಪಾಡು.

ವಿಡಿಯೋ ತೋರಿಸಿದರೆ ಅವ್ವ, "ಟಿಕೆಟ್ ಎಷ್ಟಂತ?" ಅಂದಳು. ಪುಕ್ಕಟೆ ಅಂದರೆ ನಂಬಲೇ ಇಲ್ಲ.