ತಪ್ಪು ಕೈಯದ್ದಲ್ಲ, ಎರಕದ್ದು

"ನನ್ನ ಕೈಯೇ ಸರಿಯಿಲ್ಲ ಅಣ್ಣ."

ಈ ವಾರ ಪೂರ್ತಿ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ. ಹೇಳಿದ ಹುಡುಗ ಫಿಗರ್‌ಗಳಿಗೆ, ಅಂದರೆ ಪುಟ್ಟ ಮನುಷ್ಯ ಗೊಂಬೆಗಳಿಗೆ, ಬಣ್ಣ ಹಚ್ಚುವ ಹವ್ಯಾಸಕ್ಕೆ ಹೊಸಬ. ಅವನು ತಂದು ತೋರಿಸಿದ್ದು ನೆಪೋಲಿಯನ್ನನ ಕಾವಲುಪಡೆಯ ಹಳಬರ ತಂಡವಾದ ಓಲ್ಡ್ ಗಾರ್ಡ್‌ನ ಒಬ್ಬ ಗ್ರೆನೇಡಿಯರ್ ಸೈನಿಕ, ರೆಸಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಎರೆದ 75 ಮಿಲಿಮೀಟರಿನ ಫಿಗರ್. ಕೆನ್ನೆ ತುಂಬ ಸಣ್ಣ ಸಣ್ಣ ಕುಳಿ. ಮೀಸೆಯ ಒಂದು ತುದಿಯೇ ಇಲ್ಲ. ಎದೆಯ ಬಿಳಿ ಪಟ್ಟಿಯ ಮೇಲೆ ಬಣ್ಣ ಪದರ ಪದರವಾಗಿ ಎದ್ದಿತ್ತು. "ಬಣ್ಣ ಗಟ್ಟಿಯಾಗಿ ಹಚ್ಚಿಬಿಟ್ಟೆ ಅನ್ಸುತ್ತೆ" ಅಂದ. ಭೂತಗನ್ನಡಿ ಹಿಡಿದು ನೋಡಿದೆ. ಕುಳಿ ಇದ್ದದ್ದು ಬಣ್ಣದಲ್ಲಲ್ಲ, ಅದರ ಕೆಳಗಿನ ರೆಸಿನ್‌ನಲ್ಲೇ. ಎಲ್ಲ ಗಾಳಿಗುಳ್ಳೆಗಳು.

ಹೇಳಿದೆ. ಅವನು ನಂಬಲಿಲ್ಲ. "ಎಲ್ಲರೂ ಈ ಕಿಟ್ ಸೂಪರ್ ಅಂತಾನೇ ಹೇಳ್ತಾರಲ್ಲ ಅಣ್ಣ. ನನ್ನ ಕೈಯೇ ಸರಿಯಿಲ್ಲ."

ಅವನು ಹೋದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಅದೇ ಕಿಟ್‌ನ ಇನ್ನೊಂದು ಡಬ್ಬ ತರಿಸಿ, ಒಂದೊಂದೇ ಭಾಗವನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಮೂಲ ಗೊಂಬೆಯನ್ನು ಕೆತ್ತಿದವರು ಆ ಸೈನಿಕನನ್ನು ನಿಜವಾಗಲೂ ಬಲ್ಲವರು. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ ಮೇಲೆ ಅವನ ಕಾವಲುಪಡೆಗೆ ಇಂಪೀರಿಯಲ್ ಗಾರ್ಡ್ ಅಂತ ಹೆಸರಾಯಿತು. ಅದರಲ್ಲೇ ಹಳಬರು, ಯುದ್ಧಗಳಲ್ಲಿ ಪಳಗಿದವರು ಈ ಗ್ರೆನೇಡಿಯರ್‌ಗಳು. ಗೊಣಗುವವರು ಅನ್ನುವ ಅಡ್ಡಹೆಸರೂ ಇವರಿಗಿತ್ತು. ಈ ಗೊಂಬೆಯ ಮುಖದಲ್ಲಿ ಆ ಗೊಣಗಾಟ ಕಾಣುತ್ತದೆ. ಹುಬ್ಬು ಗಂಟಿಕ್ಕಿದೆ, ಕಣ್ಣಿನ ಕೆಳಗೆ ಚರ್ಮ ಜೋತಿದೆ. ಕಿವಿಯಲ್ಲಿ ಓಲೆ, ಬೆನ್ನ ಮೇಲೆ ಜಡೆ, ತಲೆಯ ಮೇಲೆ ಕರಡಿ ಚರ್ಮದ ಎತ್ತರದ ಟೋಪಿ. ಎಡ ತೋಳಿನ ಮೇಲೆ ಸೇವೆಯ ವರ್ಷಗಳನ್ನು ಸಾರುವ ಪಟ್ಟಿಗಳು. ಬೂಟಿನ ಹಿಮ್ಮಡಿ ಒಂದು ಕಡೆ ಸವೆದಿರುವುದನ್ನೂ ಬಿಟ್ಟಿಲ್ಲ. ಇಂಥ ಕೆಲಸ ನೋಡಿದರೆ ಬ್ರಷ್ ಹಿಡಿಯುವ ಆಸೆ ತಾನಾಗೇ ಬರುತ್ತದೆ. ಆ ಹುಡುಗನಿಗೂ ಹೀಗೇ ಆಗಿರಬೇಕು.

ಆದರೆ ನಮ್ಮ ಕೈಗೆ ಬರುವುದು ಆ ಮೂಲ ಗೊಂಬೆಯಲ್ಲ, ಅದರ ಎರಕ. ಮೂಲದ ಸುತ್ತ ಸಿಲಿಕೋನ್ ರಬ್ಬರ್‌ನ ಅಚ್ಚು ತೆಗೆಯುತ್ತಾರೆ. ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ರೆಸಿನ್ ಅನ್ನು ಅದರೊಳಗೆ ಸುರಿಯುತ್ತಾರೆ. ಅದು ಬೇಗ ಗಟ್ಟಿಯಾಗುತ್ತದೆ. ಒಳಗಿನ ಗಾಳಿಯನ್ನು ನಿರ್ವಾತದಲ್ಲಿ ಎಳೆಯದಿದ್ದರೆ, ಇಲ್ಲವೇ ಒತ್ತಡ ಕೊಟ್ಟು ಕುಗ್ಗಿಸದಿದ್ದರೆ, ಗುಳ್ಳೆಗಳು ಅಲ್ಲೇ ಉಳಿಯುತ್ತವೆ. ಅಚ್ಚಿನ ಮೂಲೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಜಾಸ್ತಿ, ಅಂದರೆ ಮೂಗು, ಮೀಸೆಯ ತುದಿ, ಬೆರಳು. ಅಚ್ಚಿಗೂ ಆಯಸ್ಸಿದೆ. ಪ್ರತಿ ಎರಕದ ಬಿಸಿಗೂ ರಾಸಾಯನಿಕಕ್ಕೂ ರಬ್ಬರ್ ಸವೆಯುತ್ತದೆ. ಹಳೆಯ ಅಚ್ಚಿನಿಂದ ಬಂದ ತುಂಡಿನಲ್ಲಿ ಅಂಚುಗಳು ಮೊಂಡಾಗಿರುತ್ತವೆ. ಡಬ್ಬದ ಮೇಲಿನ ಚಿತ್ರಕ್ಕಾಗಿ ಗೊಂಬೆಗೆ ಬಣ್ಣ ಹಚ್ಚುವವರಿಗೆ ಸವೆದ ಅಚ್ಚಿನ ತುಂಡನ್ನು ಯಾರೂ ಕೊಡುವುದಿಲ್ಲ.

ನನಗೆ ಸಿಕ್ಕ ಡಬ್ಬದಲ್ಲಿ ಕೆನ್ನೆಯ ಕುಳಿ ಕಡಿಮೆ ಇತ್ತು. ಕಷ್ಟ ಬೇರೆ ಕಡೆ ಇತ್ತು. ಬಂದೂಕು ಬಾಗಿತ್ತು. ಇದು ದೊಡ್ಡ ದೂರಲ್ಲ, ಬಿಸಿ ನೀರಿನಲ್ಲಿ ಅದ್ದಿ ನೇರ ಮಾಡಿ ತಣ್ಣೀರಿಗೆ ಹಾಕಿದರೆ ನಿಲ್ಲುತ್ತದೆ. ನನ್ನ ದೂರು ಎದೆಯ ಬಗ್ಗೆ. ಈ ಸಮವಸ್ತ್ರದಲ್ಲಿ ನೀಲಿ ಕೋಟಿನ ಎದೆಮಡಿಕೆ ಬಿಳಿ, ಒಳಗಿನ ವೇಸ್ಟ್‌ಕೋಟ್ ಬಿಳಿ, ಅವುಗಳ ಮೇಲೆ ಅಡ್ಡಡ್ಡ ಹಾದುಹೋಗುವ ಚರ್ಮದ ಪಟ್ಟಿಗಳೂ ಬಿಳಿ. ಬಿಳಿಯ ಮೇಲೆ ಬಿಳಿ ಬರುವಾಗ ಚಿತ್ರಕಾರನಿಗೆ ಆಸರೆ ಅಂಚು ಮಾತ್ರ. ಅಂಚು ಚೂಪಾಗಿದ್ದರೆ ತೆಳು ಬೂದು ಬಣ್ಣ ತಾನೇ ಹರಿದು ಅಲ್ಲಿ ನಿಲ್ಲುತ್ತದೆ, ಪಟ್ಟಿ ಬೇರೆ, ಬಟ್ಟೆ ಬೇರೆ ಅಂತ ಕಾಣುತ್ತದೆ. ಈ ಕಿಟ್‌ನಲ್ಲಿ ಅಚ್ಚಿನ ಎರಡು ಹೋಳು ಕೂಡುವ ಕಡೆ ಆ ಅಂಚು ಕರಗಿ ಹೋಗಿದೆ. ಪಳಗಿದವರು ಅಲ್ಲೊಂದು ಗೆರೆ ಎಳೆದು ಕಣ್ಣಿಗೆ ಮೋಸ ಮಾಡಬಲ್ಲರು. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು?

ಬಣ್ಣ ಎದ್ದದ್ದಕ್ಕೂ ಕಾರಣ ಸಿಕ್ಕಿತು. ಎರಕ ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಒಂದು ಜಿಡ್ಡು ಸವರಿರುತ್ತಾರೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು. ಡಬ್ಬದಲ್ಲಿದ್ದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ರೆಸಿನ್ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಉಪ್ಪುಕಾಗದವನ್ನು ನೀರಲ್ಲಿ ನೆನೆಸಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ ಅನ್ನುವ ಮಾತೂ ಇಲ್ಲ. ಹಿಂಭಾಗದ ಚಿತ್ರವೂ ಇಲ್ಲ. ಕೋಟಿನ ಹಿಂದಿನ ಕೆಂಪು ಮಡಿಕೆಗಳು, ತೋಟಾ ಪೆಟ್ಟಿಗೆಯ ಹದ್ದಿನ ಲಾಂಛನ, ಇವೆಲ್ಲಕ್ಕೆ ಯಾವ ಬಣ್ಣ ಅಂತ ಕೊಂಡವನೇ ಹುಡುಕಿಕೊಳ್ಳಬೇಕು. ಜಾಗ್ರತೆಯ ಮಾತು ಇಲ್ಲದಿರುವುದು ನನಗೆ ಗುಳ್ಳೆಗಿಂತ ಹೆಚ್ಚು ಸಿಟ್ಟು ತರಿಸಿತು.

ಈ ಹವ್ಯಾಸದಲ್ಲಿ ನಾನು ತುಂಬ ಗೌರವಿಸುವ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಈ ಕಿಟ್ ಅನ್ನು ಬಾಯ್ತುಂಬ ಹೊಗಳಿದವರಲ್ಲಿ ಅವರೂ ಒಬ್ಬರು. "ರೆಸಿನ್ ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣಯ್ಯಾ. ಕುಳಿಗೆ ಪುಟ್ಟಿ ಹಚ್ಚಿ ಮುಂದೆ ಹೋಗೋದು" ಅಂದರು. ಅವರು ಹಚ್ಚಿದ ಮುಖಗಳ ಮುಂದೆ ಉಸಿರು ಬಿಡುವುದನ್ನೂ ಮರೆತು ನಿಂತವನು ನಾನು. ದೊಡ್ಡ ಮನಸ್ಸಿನವರು, ಕೇಳಿದವರಿಗೆಲ್ಲ ಕಲಿಸುತ್ತಾರೆ. ಆದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಯಾಕೆಂದರೆ ಅವರ ಕೈ ಅಷ್ಟು ಪಳಗಿದೆ. ಗುಳ್ಳೆ ಕಂಡರೆ ಪುಟ್ಟಿ ತಾನಾಗೇ ಹೋಗಿ ಕೂರುತ್ತದೆ, ಮೀಸೆ ಮುರಿದಿದ್ದರೆ ಹೊಸ ಮೀಸೆ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಕಿಟ್‌ನ ಕೊರತೆ ಎಲ್ಲಿತ್ತು ಅಂತ ಅವರಿಗೇ ನೆನಪಿರುವುದಿಲ್ಲ. ಆಗ ಅವರು "ಕಿಟ್ ಚೆನ್ನಾಗಿದೆ" ಅನ್ನುತ್ತಾರೆ. ಸುಳ್ಳಲ್ಲ, ಮನಸಾರೆ ಹೇಳುವ ಮಾತು. ಆದರೆ ಅವರು ಹೊಗಳುತ್ತಿರುವುದು ತಮ್ಮದೇ ಕೈಯ ಕೆಲಸವನ್ನು. ಅದನ್ನು ಓದಿ ಡಬ್ಬ ತೆರೆದವನಿಗೆ ಆ ಕೈ ಇಲ್ಲ. ಅವನಿಗೆ ಸಿಗುವುದು ಬರೀ ಎರಕ. ಇಬ್ಬರ ನಡುವಿನ ಅಂತರವನ್ನೆಲ್ಲ ಆ ಹುಡುಗ ತನ್ನ ಅಯೋಗ್ಯತೆ ಅಂತ ಎಣಿಸಿಕೊಂಡ. "ನನ್ನ ಕೈಯೇ ಸರಿಯಿಲ್ಲ ಅಣ್ಣ." ಎಷ್ಟು ಜನ ಹೀಗೆ ಸುಮ್ನೆ ಬ್ರಷ್ ಕೆಳಗಿಟ್ಟಿರಬಹುದು? ಹೊಸಬನು ವಸ್ತುವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತಾನೆ. ಹೊಲಿಗೆ ಕಲಿಯುವವರೂ ಹೀಗೇ, ಸೂಜಿ ಮೊಂಡಾಗಿದ್ದರೂ ಬೆರಳನ್ನೇ ಬೈದುಕೊಳ್ಳುತ್ತಾರೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕೆತ್ತನೆಗೆ ಪೂರ್ತಿ ಅಂಕ. ಎರಕಕ್ಕೆ ಅರ್ಧ, ಅದೂ ಯಾವ ಡಬ್ಬ ಸಿಗುತ್ತದೋ ಅದರ ಮೇಲೆ. ಜೊತೆಗಿನ ಹಾಳೆಗೆ ಸೊನ್ನೆ. ಪುಟ್ಟಿ, ಸೂಪರ್ ಗ್ಲೂ, ಹಿತ್ತಾಳೆ ತಂತಿಯ ಪಿನ್ ಇವುಗಳ ಜೊತೆ ಸಲುಗೆ ಇರುವವರು ಧೈರ್ಯವಾಗಿ ತಗೊಳ್ಳಬಹುದು. ಮೊದಲ ಫಿಗರ್ ಹುಡುಕುತ್ತಿರುವವರು ಇದನ್ನು ಮುಟ್ಟುವುದು ಬೇಡ. ಕೋಟು ಒಂದು ಬಣ್ಣ, ಪಟ್ಟಿ ಇನ್ನೊಂದು ಬಣ್ಣ ಇರುವ, ಎದೆಗೆ ತೋಳು ಅಡ್ಡ ಬರದ, ಕಡಿಮೆ ತುಂಡುಗಳ ಫಿಗರ್ ಆರಿಸಿಕೊಳ್ಳಲಿ.

ಕಿಟ್ ಬಗ್ಗೆ ಬರೆಯುವವರಲ್ಲಿ ಒಂದು ಬೇಡಿಕೆಯಿದೆ. ಬಣ್ಣ ಹಚ್ಚಿದ ಫೋಟೋ ಹಾಕುವ ಮೊದಲು, ತೊಳೆದು ಬೂದು ಪ್ರೈಮರ್ (ತಳಬಣ್ಣ) ಮಾತ್ರ ಹೊಡೆದ ಫೋಟೋ ಹಾಕಿ. ಪುಟ್ಟಿ ಹಚ್ಚುವ ಮೊದಲು ತೆಗೆದದ್ದಾಗಿರಲಿ. ಮುಖ, ಬೆರಳು, ಬೆನ್ನು, ಅಚ್ಚಿನ ಗೆರೆ ಹಾದುಹೋದ ಜಾಗ, ಇಷ್ಟು ಹತ್ತಿರದಿಂದ ಕಂಡರೆ ಸಾಕು. ಮಿಕ್ಕಿದ್ದನ್ನು ಕೊಳ್ಳುವವರೇ ಅಂದಾಜು ಮಾಡಿಕೊಳ್ಳುತ್ತಾರೆ.