ಎಂಥ ಸೈಕಲ್ ಇರಬೇಕು ಸರ್?

ನಮ್ಮ ತುಮಕೂರಿನ ಸೈಕಲ್ ಬಳಗಕ್ಕೆ ಸೇರಬೇಕೆಂದು ಫೋನ್ ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಇದು. ಆರು ವರ್ಷಗಳಿಂದ ಈ ಕರೆಗಳಿಗೆ ಉತ್ತರಿಸುತ್ತಿರುವ ನನಗೆ, ಅವರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆಯೇ ಇರುತ್ತದೆ ಎಂಬುದು ತಿಳಿಯಲು ಅದರಲ್ಲಿ ಅರ್ಧಕಾಲ ಹಿಡಿಯಿತು. ಕೆಲವರಿಗೆ ಬೇಕಾಗಿರುವುದು "ನಾನು ಹಿಂದೆ ಉಳಿದರೆ ಬಿಟ್ಟುಹೋಗುತ್ತೀರಾ?" ಎಂಬುದಕ್ಕೆ ಉತ್ತರ, ಇನ್ನು ಕೆಲವರಿಗೆ "ನನಗಿಂತ ಜೋರಾಗಿ ಹೋಗುವವರು ಅಲ್ಲಿ ಇದ್ದಾರೆಯೇ?" ಎಂಬುದಕ್ಕೆ. ಎರಡನ್ನೂ ಬಾಯಿಬಿಟ್ಟು ಕೇಳಲು ಸಂಕೋಚ. ಹಾಗಾಗಿ ಸೈಕಲ್ಲಿನ ಬೆಲೆ, ಗೇರಿನ ಲೆಕ್ಕ ಇತ್ಯಾದಿ ಮಾತಾಡಿ ಫೋನ್ ಇಡುತ್ತಾರೆ.

ಭಾನುವಾರ ಬೆಳಗಿನ ಜಾವ ಅಮಾನಿಕೆರೆಯ ಬಳಿ ಸೇರುವಾಗ ಎಲ್ಲರೂ ಒಂದೇ ಗುಂಪು. ಗುಬ್ಬಿಯ ಕಡೆಗೆ ಹೊರಟ ದಿನ ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗುತ್ತೇವೆ; ದೇವರಾಯನದುರ್ಗಕ್ಕೆ ಹೊರಟ ದಿನ ಮಾತ್ರ ಗುಂಪು ಚೆಲ್ಲಾಪಿಲ್ಲಿಯಾಗುತ್ತದೆ. ಇದರಲ್ಲಿ ಯಾರ ಅಹಂಕಾರವೂ ಇಲ್ಲ. ಸಮತಟ್ಟಾದ ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲನ್ನು ತಿನ್ನುವುದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುವುದರಿಂದ, ಮುಂದಿನವರ ಗಾಳಿಮರೆಯಲ್ಲಿ ಸಾಗುವವನ ಶ್ರಮ ಎದ್ದು ಕಾಣುವಷ್ಟು ತಗ್ಗುತ್ತದೆ ಮತ್ತು ಶಕ್ತಿ ಕಡಿಮೆಯಿರುವವನೂ ಗುಂಪಿಗೆ ಅಂಟಿಕೊಂಡು ಬರಬಲ್ಲ. ಘಾಟಿಯಲ್ಲಾದರೋ ವೇಗ ಇಳಿದು, ಎಳೆಯಬೇಕಾದ ಭಾರವೆಲ್ಲ ಅವರವರ ಮೈಯದು, ಅವರವರ ಸೈಕಲ್ಲಿನದು. ಅಲ್ಲಿ ಯಾರ ಬೆನ್ನೂ ಯಾರಿಗೂ ಮರೆಯಾಗದು. ಸುಮಾರು 1,200 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಯಾರು ಯಾತಕ್ಕಾಗಿ ಬಂದಿದ್ದಾರೆ ಎಂಬುದು ತಾನಾಗಿಯೇ ಬಯಲಾಗುತ್ತದೆ.

ಮೊದಲು ಮೇಲೆ ತಲುಪುವವರು ಕಾಲೇಜು ಹುಡುಗರು ಮತ್ತು ಹುಡುಗರಂತೆಯೇ ಇರುವ ಒಬ್ಬಿಬ್ಬರು ನಲವತ್ತು ದಾಟಿದವರು. ತಲುಪಿದ ಕೂಡಲೇ, ಅಲ್ಲಿನ ಗುಡಿಯ ಯೋಗಾನರಸಿಂಹನಿಗೂ ಮೊದಲು ಮೊಬೈಲಿಗೆ ಕೈ ಹೋಗುತ್ತದೆ; ಕಳೆದ ಸಲಕ್ಕಿಂತ ಎಷ್ಟು ಸೆಕೆಂಡು ಉಳಿಯಿತೆಂದು ನೋಡಬೇಕು. ಇವರಿಗೆ ಜೊತೆ ಬೇಕೆಂದು ನಾನು ಬಹಳ ದಿನ ಭಾವಿಸಿದ್ದೆ. ಅವರಿಗೆ ಬೇಕಿದ್ದುದು ಜೊತೆಯಲ್ಲ, ಎದುರಾಳಿ. ಸತತವಾಗಿ ತಾನೇ ಮೊದಲು ತಲುಪುತ್ತಿದ್ದ ಒಬ್ಬ ಹುಡುಗ ಎರಡೇ ತಿಂಗಳಲ್ಲಿ ಬರುವುದನ್ನು ಬಿಟ್ಟ. ಅವನಿಗಿಂತ ಚುರುಕಾದ ಇನ್ನೊಬ್ಬಳು ಬಂದು ಸೇರಿದ ಸುದ್ದಿ ಕೇಳಿ ಮರುವಾರವೇ ಹಾಜರಾದ.

ಬ್ರೆವೆಗೆ, ಅಂದರೆ ಗೊತ್ತುಪಡಿಸಿದ ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಸಿದ್ಧತೆ ನಡೆಸುವವರು ಇದಕ್ಕೆ ತೀರ ವಿರುದ್ಧ. ಅವರ ಕಸುಬೇ ಬೇರೆ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಸಂಸ್ಥೆಯ ನಿಯಮದಂತೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆ, 400ನ್ನು 27 ಗಂಟೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ನಾಲ್ಕನ್ನೂ ಒಂದೇ ಋತುವಿನಲ್ಲಿ ಪೂರೈಸಿದವರಿಗೆ ಸೂಪರ್ ರ‍್ಯಾಂಡೊನರ್ ಎಂಬ ಗೌರವ. ಅಲ್ಲಿ ಮೊದಲನೆಯವರಿಗೆ ಬಹುಮಾನವಿಲ್ಲ, ಕೊನೆಯವರಿಗೆ ಅವಮಾನವೂ ಇಲ್ಲ. ಲೆಕ್ಕ ಹಾಕಿದರೆ ಗಂಟೆಗೆ ಹದಿನೈದು ಕಿಲೋಮೀಟರ್ ಆಗುತ್ತದೆ, ಇದೇನು ಮಹಾ ಎನಿಸಬಹುದು. ಆದರೆ ಊಟ, ನಿದ್ದೆ, ಪಂಚರ್, ಮಳೆ ಎಲ್ಲವೂ ಆ ಗಂಟೆಗಳೊಳಗೇ ಬರಬೇಕು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿಲೋಮೀಟರಿನ ಸವಾರಿ ಇವರ ಕನಸು. ಇಂಥವರಿಗೆ ಬಳಗದಿಂದ ಬೇಕಾಗುವುದು ವೇಗವಲ್ಲ. ರಾತ್ರಿ ಎರಡು ಗಂಟೆಗೆ ಶಿರಾ ರಸ್ತೆಯಲ್ಲಿ ಕಣ್ಣು ಎಳೆಯುವಾಗ ಪಕ್ಕದಲ್ಲಿ ಮಾತಾಡುತ್ತ ಬರುವ ಒಬ್ಬ ಮನುಷ್ಯ. ಅವರು ಭಾನುವಾರ ಬೆಟ್ಟ ಹತ್ತುವಾಗಲೂ ಉಸಿರು ಕೆಡದಂತೆ ಹತ್ತುತ್ತಾರೆ, ಹುಡುಗರು ಅವರನ್ನು ಸೋಮಾರಿಗಳೆಂದು ತಿಳಿಯುತ್ತಾರೆ.

ನಾನು ತಪ್ಪು ತಿಳಿದವರ ಪೈಕಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮೇಡಂ ಮುಖ್ಯರು. ಅವರು ಬಂದ ಮೊದಲ ದಿನವೇ ಮೂವರು ಗಂಡಸರು ಸೀಟಿನ ಎತ್ತರ ಸರಿಪಡಿಸಲು ಮುಂದಾದರು, ಒಬ್ಬರು ಗೇರು ಬದಲಿಸುವ ಪಾಠ ಹೇಳಿದರು. ಆ ಒಬ್ಬರು ನಾನೇ ಎಂದು ಒಪ್ಪಿಕೊಳ್ಳಬೇಕು. ನಾಲ್ಕನೆಯ ವಾರ ನಾಮದ ಚಿಲುಮೆಯ ಬಳಿ ನೀರು ಕುಡಿಯಲು ನಿಂತಾಗ ಅವರು ಶಾಂತವಾಗಿಯೇ ಹೇಳಿದರು: "ಸರ್, ನನಗೆ ಸೈಕಲ್ ಚೆನ್ನಾಗಿ ಬರುತ್ತದೆ. ಐದು ಗಂಟೆಗೆ ಕತ್ತಲಲ್ಲಿ ಒಬ್ಬಳೇ ಈ ಕಾಡಿನ ರಸ್ತೆಗೆ ಬರಲು ಮನೆಯಲ್ಲಿ ಒಪ್ಪುವುದಿಲ್ಲ, ಅದಕ್ಕಾಗಿ ನಿಮ್ಮ ಜೊತೆ ಬರುತ್ತೇನೆ." ಅವರಿಗೆ ಬೇಕಾಗಿದ್ದುದು ಗುರುಗಳಲ್ಲ, ಕತ್ತಲೆ ಕಳೆಯುವವರೆಗೆ ಮುಂದೆ ಹಿಂದೆ ಬೆಳಗುವ ನಾಲ್ಕು ದೀಪಗಳು. ಬೆಳಕು ಹರಿದ ಮೇಲೆ ಅವರು ನಮ್ಮನ್ನೆಲ್ಲ ಬಿಟ್ಟು ಮುಂದೆ ಹೋಗುತ್ತಿದ್ದರು. ನಮ್ಮಲ್ಲಿ ಕೆಲವರಿಗೆ ಅದು ಒಗರಾಗಿತ್ತು.

ಇನ್ನು ನಿವೃತ್ತರು. ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿದರೆಂದು ಸೈಕಲ್ ಕೊಂಡವರು, ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ತಿಂದು ಆ ಸಲಹೆಗೆ ಸಮಾಧಾನ ಹೇಳುವವರು. ಬಳಗದೊಳಗೆ ಅವರನ್ನು ಇಡ್ಲಿ ಪಾರ್ಟಿ ಎಂದು ಗೇಲಿ ಮಾಡುವುದುಂಟು. ನನ್ನ ಮತ ಅವರ ಕಡೆಗೇ. ಗೂಳೂರು ದಾಟಿ ಕೈದಾಳದ ಚೆನ್ನಕೇಶವನ ಗುಡಿಯವರೆಗೆ ನಿಧಾನವಾಗಿ ಹೋಗಿ, ಜಕಣಾಚಾರಿಗೆ ಅಲ್ಲಿ ಕೈ ಮರಳಿ ಬಂದ ಐತಿಹ್ಯವನ್ನು ಹೊಸಬರಿಗೆ ಹೇಳುವವರೂ ಅವರೇ, ಜಡಿಮಳೆಯ ಭಾನುವಾರ ತಪ್ಪದೆ ಬರುವವರೂ ಅವರೇ.

ಅಂತರಸನಹಳ್ಳಿಯ ಕಾರ್ಖಾನೆಗೆ ಹಳೆಯ ಕಪ್ಪು ಸೈಕಲ್ಲಿನಲ್ಲಿ ದಿನವೂ ಹೋಗುವ ಒಬ್ಬರು ಮಾತ್ರ ನಮ್ಮ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವರು ಯಾವ ಬೆಟ್ಟಕ್ಕೂ ಬರುತ್ತಿರಲಿಲ್ಲ. ಹೊರಡುವ ಮುನ್ನ ಅಮಾನಿಕೆರೆಯ ಬಳಿ ಅರ್ಧ ಗಂಟೆ ನಿಂತು ನಮ್ಮ ಗೇರ್ ಸೈಕಲ್ಲುಗಳನ್ನು ನೋಡುತ್ತಿದ್ದರು. ಆಮೇಲೆ ತಿಳಿಯಿತು, ಸಂಜೆ ಹೊತ್ತು ರಿಪೇರಿ ಅಂಗಡಿ ಇಡುವ ಯೋಚನೆ ಅವರದು. ಈಗ ನಮ್ಮಲ್ಲಿ ಅರ್ಧದಷ್ಟು ಜನರ ಚೈನು ಸರಿಮಾಡುವವರು ಅವರೇ.

ಇಷ್ಟೆಲ್ಲ ಗೊತ್ತಿದ್ದೂ ಹಿಂದೊಮ್ಮೆ ನಾವು ಒಂದು ನಿಯಮ ಮಾಡಿದೆವು: ಗಂಟೆಗೆ 25 ಕಿಲೋಮೀಟರ್ ಸರಾಸರಿ ಕಾಯ್ದುಕೊಳ್ಳದವರು ಬೆಟ್ಟದ ದಿನ ಬರಬಾರದು. ಜೋರು ಮಾತಾಡುವವರು ಕೇಳಿದರು, ಉಳಿದವರು ಸುಮ್ಮನಿದ್ದರು, ನಾನು ಬರೆದು ಹಾಕಿದೆ. ಯಾರೂ ಜಗಳವಾಡಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಅಮಾನಿಕೆರೆಯ ಬಳಿ ಐದೇ ಸೈಕಲ್ಲುಗಳಿದ್ದವು ಮತ್ತು ಆ ಐವರಿಗೂ ಕತ್ತಲಲ್ಲಿ ನಾಯಿಗಳ ಭಯ ಮೊದಲಿಗಿಂತ ಹೆಚ್ಚಾಗಿತ್ತು.

ಆ ನಿಯಮವನ್ನು ಅಳಿಸಿದ ಮೇಲೆ ಶನಿವಾರ ಸಂಜೆಯ ಸೂಚನೆಯಲ್ಲಿ ಮೂರು ಸಂಗತಿಗಳನ್ನಷ್ಟೇ ಬರೆಯುತ್ತೇನೆ: ಎಲ್ಲಿಂದ ಹಿಂದಿರುಗಬಹುದು, ಬೆಳಕಾಗುವವರೆಗೆ ಎಲ್ಲಿಯವರೆಗೆ ಒಟ್ಟಿಗಿರುತ್ತೇವೆ, ಕೊನೆಯಲ್ಲಿ ಬರುವವರ ಜೊತೆ ಈ ವಾರ ಯಾರು. ಮೂರನೆಯ ಸರದಿಗೆ ಹುಡುಗರು ಮೊದಮೊದಲು ಗೊಣಗುತ್ತಿದ್ದರು. ಎಂಥ ಸೈಕಲ್ ಇರಬೇಕೆಂದು ಫೋನಿನಲ್ಲಿ ಕೇಳುವವರಿಗೆ, ಬ್ರೇಕು ಹಿಡಿದರೆ ಸಾಕು ಎಂದು ಹೇಳಿ, ಎಷ್ಟು ಗಂಟೆಗೆ ಮನೆಗೆ ತಲುಪಬೇಕು ಎಂದು ನಾನೇ ಕೇಳುತ್ತೇನೆ.